ಒಂದೇ ಊರಿನಲ್ಲಿ ಎರಡು ಸಲ ಹರಾಜಾದ ಹಡಗು

2025ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಒಂದು ವಿಚಿತ್ರ ಮಸೂದೆ ಮಂಡನೆಯಾಯಿತು. ಮಾದಕವಸ್ತು ಸಾಗಿಸುವ ಗ್ಯಾಂಗುಗಳ ಬೆನ್ನು ಹತ್ತಲು ಖಾಸಗಿಯವರಿಗೆ 'ಲೆಟರ್ ಆಫ್ ಮಾರ್ಕ್' ಕೊಡುವ ಅಧಿಕಾರ ಅಧ್ಯಕ್ಷರಿಗೆ ಇರಬೇಕು ಅನ್ನುವುದು ಅದರ ಸಾರ. ಇದೇನಿದು, ಕಡಲ್ಗಳ್ಳತನಕ್ಕೆ ಸರ್ಕಾರವೇ ಲೈಸೆನ್ಸ್ ಕೊಡುವುದಾ ಅಂತ ಓದಿದವರು ಕೇಳಿದ್ದು ಸಹಜ.

ಹೊಸದಾಗಿ ಕಂಡರೂ ಈ ಪದ್ಧತಿ ತುಂಬಾ ಹಳೆಯದು. ನೂರಾರು ವರ್ಷ ಯೂರೋಪಿನ ದೇಶಗಳು ಯುದ್ಧ ಬಂದಾಗಲೆಲ್ಲ ಇದನ್ನು ಬಳಸಿವೆ. ಆ ಕಾಗದ ಹೇಗೆ ಕೆಲಸ ಮಾಡುತ್ತಿತ್ತು ಅಂತ ತಿಳಿಯಲು ಕಾನೂನಿನ ಪುಸ್ತಕಕ್ಕಿಂತ ಒಂದು ಹಡಗಿನ ಕಥೆಯೇ ಅನುಕೂಲ. ಅಂಥ ಹಡಗೊಂದಿದೆ. ಹೆಸರು ಲಿವರ್‌ಪೂಲ್ ಪ್ಯಾಕೆಟ್. ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಈ ಪುಟ್ಟ ಹಡಗು 1811ರಿಂದ 1813ರೊಳಗೆ ಮೂರು ಸಲ ಸೆರೆ ಸಿಕ್ಕಿತು, ನಾಲ್ಕು ಹೆಸರು ಹೊತ್ತಿತು. ಆದರೂ ಒಟ್ಟು 50 ಹಡಗುಗಳನ್ನು ತಾನೇ ಹಿಡಿಯಿತು.

ಪ್ರೈವೆಟೀರ್ ಅಂದರೆ ಯಾರು?

ಯುದ್ಧ ಶುರುವಾಯಿತು ಅಂದುಕೊಳ್ಳಿ. ಶತ್ರು ದೇಶದ ಸರಕು ಹಡಗುಗಳು ಕಡಲಲ್ಲಿ ಓಡಾಡುತ್ತಿವೆ. ಅವನ್ನೆಲ್ಲ ಹಿಡಿಯುವಷ್ಟು ನೌಕಾಪಡೆ ಸರ್ಕಾರದ ಬಳಿ ಇಲ್ಲ. ಆಗ ಸರ್ಕಾರ ತನ್ನ ವ್ಯಾಪಾರಿಗಳಿಗೆ ಹೇಳುತ್ತದೆ: ನಿಮ್ಮ ಹಡಗು, ನಿಮ್ಮ ಜನ, ನಿಮ್ಮ ಖರ್ಚು. ಶತ್ರುವಿನ ಹಡಗು ಹಿಡಿದು ತನ್ನಿ, ಕಾನೂನು ಪ್ರಕಾರ ಬಂದದ್ದನ್ನು ನೀವೇ ಇಟ್ಟುಕೊಳ್ಳಿ. ಹೀಗೆ ಹೊರಡುವ ಖಾಸಗಿ ಹಡಗೇ ಪ್ರೈವೆಟೀರ್. ಅದರ ಮೇಲಿನ ನಾಯಕನನ್ನೂ ಹಾಗೆಯೇ ಕರೆಯುತ್ತಿದ್ದರು. ಸರ್ಕಾರ ಕೊಡುವ ಪರವಾನಗಿಯೇ ಲೆಟರ್ ಆಫ್ ಮಾರ್ಕ್.

ಪರವಾನಗಿ ಅಂದರೆ ಸುಮ್ನೆ ಸಹಿ ಹಾಕಿ ಕೊಡುತ್ತಿರಲಿಲ್ಲ. ಹಡಗಿನ ಹೆಸರು, ಗಾತ್ರ, ಫಿರಂಗಿಗಳ ಲೆಕ್ಕ, ನಾಯಕನ ಹೆಸರು ಎಲ್ಲವನ್ನೂ ಬರೆಸಬೇಕು. ನಿಯಮ ಮೀರುವುದಿಲ್ಲ ಅಂತ ಮಾಲೀಕರು ಜಾಮೀನು ಬಾಂಡ್ ಬರೆದುಕೊಡಬೇಕು. ದಿನಚರಿ ಪುಸ್ತಕ ಇಡಬೇಕು. ಯಾವ ದೇಶದ ಹಡಗು ಹಿಡಿಯಬಹುದು ಅನ್ನುವುದು ಪರವಾನಗಿಯಲ್ಲೇ ಇರುತ್ತದೆ. ಅದರಾಚೆ ಕೈ ಹಾಕಿದರೆ ಬಾಂಡಿನ ಹಣ ಹೋಗುತ್ತದೆ, ಕೇಸೂ ಬೀಳುತ್ತದೆ.

ಕಡಲ್ಗಳ್ಳನಿಗೂ ಇವರಿಗೂ ವ್ಯತ್ಯಾಸ ಇರುವುದು ಇಲ್ಲೇ. 2024ರ ಮಾರ್ಚ್‌ನಲ್ಲಿ ಭಾರತೀಯ ನೌಕಾಪಡೆಯ ಐಎನ್‌ಎಸ್ ಕೋಲ್ಕತಾ ಅರಬ್ಬಿ ಸಮುದ್ರದಲ್ಲಿ ಎಂವಿ ರುಯೆನ್ ಹಡಗನ್ನು ಸೊಮಾಲಿಯದ ಕಳ್ಳರಿಂದ ಬಿಡಿಸಿತು. 17 ಸಿಬ್ಬಂದಿ ಪಾರಾದರು, 35 ಕಳ್ಳರು ಶರಣಾದರು. ಅವರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿದರು. ಅವರ ಹಿಂದೆ ಯಾವ ಸರ್ಕಾರವೂ ಇರಲಿಲ್ಲ, ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಪ್ರೈವೆಟೀರ್ ಸಿಕ್ಕಿಬಿದ್ದರೆ ಪರವಾನಗಿ ತೋರಿಸಿ ಯುದ್ಧ ಕೈದಿಯಾಗುತ್ತಿದ್ದ. ಕಡಲ್ಗಳ್ಳ ಸಿಕ್ಕಿಬಿದ್ದರೆ ನೇಣಿಗೆ ಹೋಗುತ್ತಿದ್ದ. ಹಡಗು ತಡೆಯುವುದು, ಗುಂಡು ಹಾರಿಸುವುದು, ಸರಕು ಕಿತ್ತುಕೊಳ್ಳುವುದು ಎರಡೂ ಕಡೆ ಒಂದೇ. ಕಳೆದುಕೊಂಡವನಿಗೆ ಆ ವ್ಯತ್ಯಾಸದಿಂದ ಏನೂ ಸಮಾಧಾನ ಸಿಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

1856ರಲ್ಲಿ ಯೂರೋಪಿನ ದೇಶಗಳು ಪ್ಯಾರಿಸ್ ಘೋಷಣೆಗೆ ಸಹಿ ಹಾಕಿ ಈ ಪದ್ಧತಿಯನ್ನು ಕೈಬಿಟ್ಟವು. ಅಮೆರಿಕ ಸಹಿ ಹಾಕಲಿಲ್ಲ. ಲೆಟರ್ ಆಫ್ ಮಾರ್ಕ್ ಕೊಡುವ ಅಧಿಕಾರ ಅಲ್ಲಿನ ಸಂವಿಧಾನದಲ್ಲಿ ಸಂಸತ್ತಿನ ಕೈಯಲ್ಲಿ ಇವತ್ತಿಗೂ ಹಾಗೇ ಕೂತಿದೆ. ಮಸೂದೆ ತರಲು ಸಾಧ್ಯವಾಗಿದ್ದು ಅದರಿಂದ.

ಮಂಗಳೂರಿಗೆ ಬಂದಿದ್ದ ಪ್ರೈವೆಟೀರ್

ಇದೆಲ್ಲ ದೂರದ ಕಥೆ ಅನ್ನಿಸಿದರೆ ಇದನ್ನು ಕೇಳಿ. 1797ರಲ್ಲಿ ಮಂಗಳೂರು ಬಂದರಿಗೆ ಏಟು ತಿಂದ ಫ್ರೆಂಚ್ ಹಡಗೊಂದು ದುರಸ್ತಿಗೆ ಬಂತು. ಅದರ ನಾಯಕ ಫ್ರಾನ್ಸುವಾ ರಿಪೋ, ಆಗ ಫ್ರೆಂಚರ ಕೈಯಲ್ಲಿದ್ದ ಮಾರಿಷಸ್ ಕಡೆಯ ಪ್ರೈವೆಟೀರ್. ಬ್ರಿಟಿಷರ ವ್ಯಾಪಾರಿ ಹಡಗು ಹಿಡಿಯುವುದೇ ಅವನ ಕಸುಬು. ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆತಂದರು. ಟಿಪ್ಪು ಸುಲ್ತಾನನ ಮುಂದೆ ಅವನು ತಾನು ಮಾರಿಷಸ್ ಆಡಳಿತದ ದೊಡ್ಡ ಮನುಷ್ಯ, ಅಲ್ಲಿ ಸಾವಿರಾರು ಸೈನಿಕರು ಟಿಪ್ಪುವಿನ ನೆರವಿಗೆ ತುದಿಗಾಲಲ್ಲಿ ನಿಂತಿದ್ದಾರೆ ಅಂತ ಬಿಟ್ಟ. ಎಲ್ಲ ಬುರುಡೆ.

ಟಿಪ್ಪು ನಂಬಿ ರಾಯಭಾರಿಗಳನ್ನು ಕಳಿಸಿದ. ಮಾರಿಷಸ್ ಗವರ್ನರ್ ಮಾಲಾರ್ಟಿಕ್ ಬಳಿ ಕೊಡಲು ಸೈನ್ಯವೇ ಇರಲಿಲ್ಲ. ಅವನು 1798ರ ಜನವರಿ 30ರಂದು ಸ್ವಯಂಸೇವಕರು ಬೇಕಾಗಿದ್ದಾರೆ ಅಂತ ಬಹಿರಂಗ ಪ್ರಕಟಣೆ ಹೊರಡಿಸಿದ. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ನೂರು ಜನವೂ ಇರಲಿಲ್ಲ. ಆ ಪ್ರಕಟಣೆಯ ಪ್ರತಿ ಮಾತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನೇ ಹಿಡಿದು ನಾಲ್ಕನೇ ಮೈಸೂರು ಯುದ್ಧಕ್ಕೆ ಕಾರಣ ಮಾಡಿಕೊಂಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ನೆಪ ಸಿಕ್ಕಿದ್ದು ಹೀಗೆ.

ರಿಪೋನಂಥವರು ಹಿಂದೂ ಮಹಾಸಾಗರದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಕೆಲವು ವರ್ಷಗಳ ನಂತರ ಭೂಮಿಯ ಇನ್ನೊಂದು ಬದಿಯಲ್ಲಿ ಲಿವರ್‌ಪೂಲ್ ಪ್ಯಾಕೆಟ್ ಮಾಡಿತು. ಈ ಸಲ ಕಾಗದ ಬ್ರಿಟಿಷರದು.

ವಾಸನೆ ಹೋಗದ ಹಡಗು

ಹಡಗು ಹುಟ್ಟಿದ್ದು ಅಮೆರಿಕದಲ್ಲಿ, ಸೆವೆರ್ನ್ ಎಂಬ ಹೆಸರಿನಲ್ಲಿ. ಉದ್ದ 53 ಅಡಿ, ಸರಕು ಹೊರುವ ಲೆಕ್ಕದಲ್ಲಿ ಗಾತ್ರ 67 ಟನ್. ಎರಡು ಕಂಬದ ಸ್ಕೂನರ್. ಸ್ಕೂನರ್ ಹಡಗಿನ ಹಾಯಿಗಳು ಅಡ್ಡಕ್ಕಿಲ್ಲದೆ ಉದ್ದಕ್ಕೆ, ಮೂತಿಯಿಂದ ಹಿಂಭಾಗದ ಕಡೆಗೆ ಕಟ್ಟಿರುತ್ತವೆ. ಹಾಗಾಗಿ ಗಾಳಿ ಎದುರಿನಿಂದ ಬೀಸುತ್ತಿದ್ದರೂ ಓರೆಯಾಗಿ ಮುಂದೆ ಹೋಗಬಹುದು. ದೊಡ್ಡ ಯುದ್ಧನೌಕೆ ಗಾಳಿಗಾಗಿ ಪರದಾಡುವ ಜಾಗದಲ್ಲಿ ಇದು ನುಣುಚಿಕೊಂಡು ಓಡುತ್ತದೆ. ಕಡಿಮೆ ನೀರಿನಲ್ಲೂ ಸಾಗುತ್ತದೆ.

ಇಷ್ಟು ವೇಗದ ಹಡಗಿನಿಂದ ಮಾಡಿಸುತ್ತಿದ್ದ ಕೆಲಸ ಮಾತ್ರ ಹೊಲಸು. ಸೆವೆರ್ನ್ ಗುಲಾಮರ ಸಾಗಣೆಯಲ್ಲಿತ್ತು. ಬ್ರಿಟನ್ 1807ರಲ್ಲಿ ಗುಲಾಮ ವ್ಯಾಪಾರವನ್ನು ನಿಷೇಧಿಸಿತ್ತು. 1811ರ ಆಗಸ್ಟ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಎಚ್‌ಎಂಎಸ್ ಟಾರ್ಟರಸ್ ಇದನ್ನು ಹಿಡಿದು ನೋವಾ ಸ್ಕೋಷಿಯಾದ ಹ್ಯಾಲಿಫ್ಯಾಕ್ಸ್ ಬಂದರಿಗೆ ತಂದಿತು. ಕೋರ್ಟು ಮುಟ್ಟುಗೋಲು ಹಾಕಿತು. ಆ ವರ್ಷದ ಕೊನೆಯಲ್ಲಿ ಹರಾಜು.

ಹರಾಜಿನಲ್ಲಿ ಕೂಗಿದವನು ಎನೋಸ್ ಕಾಲಿನ್ಸ್. ನೋವಾ ಸ್ಕೋಷಿಯಾದ ಲಿವರ್‌ಪೂಲ್ ಎಂಬ ಸಣ್ಣ ಬಂದರಿನ ಹುಡುಗ, ಹ್ಯಾಲಿಫ್ಯಾಕ್ಸ್‌ನಲ್ಲಿ ವ್ಯಾಪಾರಿಯಾಗಿ ಬೆಳೆದವನು. ಇಂಗ್ಲೆಂಡಿನಲ್ಲೂ ಒಂದು ಲಿವರ್‌ಪೂಲ್ ಇದೆ, ಗೊಂದಲ ಬೇಡ. ಚಿಕ್ಕ ವಯಸ್ಸಿನಲ್ಲಿ ಕಾಲಿನ್ಸ್ ತಾನೇ ಒಂದು ಪ್ರೈವೆಟೀರ್ ಹಡಗಿನಲ್ಲಿ ಅಧಿಕಾರಿಯಾಗಿದ್ದ. ಹಡಗು ನೋಡಿದರೆ ಅದರ ಓಟ ಎಷ್ಟು ಅಂತ ಅವನಿಗೆ ಗೊತ್ತಾಗುತ್ತಿತ್ತು. 420 ಪೌಂಡಿಗೆ ಹಡಗು ಅವನ ಪಾಲಾಯಿತು.

ಒಳಗೆ ಕಾಲಿಟ್ಟರೆ ನಾತ. ಮನುಷ್ಯರನ್ನು ಸರಕಿನ ಹಾಗೆ ಒತ್ತೊತ್ತಾಗಿ ತುಂಬಿದ ಹಡಗಿನ ಹಲಗೆಗೆ ಆ ವಾಸನೆ ಇಳಿದುಬಿಟ್ಟಿತ್ತು. ವಿನೆಗರ್ ಸುರಿದರು, ಡಾಂಬರು ಹಚ್ಚಿದರು, ಗಂಧಕದ ಹೊಗೆ ಹಾಕಿದರು. ಆಮೇಲೆ ಹೊಸ ಹೆಸರಿಟ್ಟು ಹ್ಯಾಲಿಫ್ಯಾಕ್ಸ್‌ಗೂ ಲಿವರ್‌ಪೂಲ್‌ಗೂ ನಡುವೆ ಟಪಾಲು ಮತ್ತು ಪ್ರಯಾಣಿಕರನ್ನು ಸಾಗಿಸಲು ಬಿಟ್ಟರು. ಹೀಗೆ ನಿಗದಿತ ದಾರಿಯಲ್ಲಿ ಓಡುವ ಟಪಾಲು ಹಡಗನ್ನು ಪ್ಯಾಕೆಟ್ ಅನ್ನುತ್ತಾರೆ.

ಕೆಲವೇ ತಿಂಗಳು. 1812ರ ಜೂನ್ 18ರಂದು ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿತು. ಬ್ರಿಟನ್ ಆಗ ಯೂರೋಪಿನಲ್ಲಿ ನೆಪೋಲಿಯನ್ ಜೊತೆ ಕಾದಾಡುತ್ತಿತ್ತು. ಅಮೆರಿಕದ ವ್ಯಾಪಾರಕ್ಕೆ ಅಡ್ಡಿ ಮಾಡುತ್ತಿತ್ತು, ಅಮೆರಿಕದ ಹಡಗುಗಳಿಂದ ನಾವಿಕರನ್ನು ಬಲವಂತವಾಗಿ ಎಳೆದೊಯ್ದು ತನ್ನ ನೌಕಾಪಡೆಗೆ ಸೇರಿಸಿಕೊಳ್ಳುತ್ತಿತ್ತು. ಯುದ್ಧಕ್ಕೆ ಮುಖ್ಯ ಕಾರಣಗಳು ಇವು. ನೋವಾ ಸ್ಕೋಷಿಯಾ ಬ್ರಿಟನ್ನಿನ ವಸಾಹತು. ಪಕ್ಕದಲ್ಲೇ ಅಮೆರಿಕ. ನಿನ್ನೆಯವರೆಗೆ ವ್ಯಾಪಾರ ಮಾಡಿದವರು, ಎಷ್ಟೋ ಸಲ ನೆಂಟರೇ, ರಾತ್ರೋರಾತ್ರಿ ಶತ್ರುಗಳಾದರು.

ಕೇಪ್ ಕಾಡ್ ಬಳಿ ಕಾಯುವ ಕೆಲಸ

ಟಪಾಲು ಹಡಗಿಗೆ ಐದು ಫಿರಂಗಿ ಕೂರಿಸಿದರು. ನಲವತ್ತಕ್ಕೂ ಹೆಚ್ಚು ಜನ ಹತ್ತಿದರು. ಸ್ವಲ್ಪ ದಿನದಲ್ಲೇ ನಾಯಕತ್ವ ಜೋಸೆಫ್ ಬಾರ್ಸ್‌ಗೆ ಬಂತು. ಅವನೂ ಲಿವರ್‌ಪೂಲ್‌ನವನೇ. ಅವನ ಮನೆತನಕ್ಕೂ ಹಡಗಿನಲ್ಲಿ ಪಾಲಿತ್ತು.

53 ಅಡಿ ಹಡಗಿಗೆ ಅಷ್ಟು ಜನ ಯಾಕೆ ಅನ್ನಿಸಬಹುದು. ಓಡಿಸಲು ಹತ್ತು ಜನ ಸಾಕು. ಮಿಕ್ಕವರು ಹಿಡಿದ ಹಡಗುಗಳಿಗೆ ಬೇಕು. ಶತ್ರುವಿನ ಹಡಗು ಶರಣಾದ ತಕ್ಷಣ ನಾಲ್ಕೈದು ಜನರನ್ನು ಅದರ ಮೇಲೆ ಹತ್ತಿಸಿ, ಊರಿನ ಬಂದರಿಗೆ ತೆಗೆದುಕೊಂಡು ಹೋಗಿ ಅಂತ ಕಳಿಸಬೇಕು. ಹೀಗೆ ಆರೇಳು ಹಡಗು ಹಿಡಿದರೆ ಸ್ವಂತ ಹಡಗಿನಲ್ಲಿ ಫಿರಂಗಿಗೂ ಜನ ಇರುವುದಿಲ್ಲ. ಆಗ ಬೇಟೆ ನಿಲ್ಲಿಸಿ ವಾಪಸ್ ಬರಲೇಬೇಕು. ಆ ನಾಲ್ಕೈದು ಜನರದು ಇನ್ನೂ ಕಷ್ಟದ ಕೆಲಸ. ಕೆಳಗೆ ಕೈದಿಗಳು, ಸುತ್ತ ಶತ್ರುವಿನ ಕಡಲು. ದಾರಿಯಲ್ಲಿ ಶತ್ರುವಿನ ಹಡಗು ಎದುರಾದರೆ ಕೈಗೆ ಬಂದದ್ದು ಮತ್ತೆ ಹೋಯಿತು. ಇದು ಆಗಾಗ ಆಗುತ್ತಿತ್ತು.

ಬಾರ್ಸ್ ಆರಿಸಿದ ಜಾಗ ಕೇಪ್ ಕಾಡ್. ಭೂಪಟದಲ್ಲಿ ನೋಡಿ. ಬೋಸ್ಟನ್ ಕೆಳಗೆ ಮಡಚಿದ ತೋಳಿನ ಆಕಾರದಲ್ಲಿ ಕಡಲಿಗೆ ಚಾಚಿದ ನೆಲ. ನ್ಯೂಯಾರ್ಕ್ ಅಥವಾ ದಕ್ಷಿಣದ ರಾಜ್ಯಗಳಿಂದ ಬೋಸ್ಟನ್‌ಗೆ ಹಿಟ್ಟು, ಧಾನ್ಯ, ರಮ್ ತರುವ ಹಡಗುಗಳು ಆ ತೋಳನ್ನು ಬಳಸಿಕೊಂಡೇ ಬರಬೇಕು. ಬೇರೆ ದಾರಿ ಇಲ್ಲ. ಬಾರ್ಸ್ ಕಡಲೆಲ್ಲ ಅಲೆಯದೆ ಆ ತಿರುವಿನಲ್ಲಿ ಕಾದು ಕೂತ. ಹತ್ತಿರ ಬರುವವರೆಗೆ ಬೇರೆ ದೇಶದ ಬಾವುಟ ಹಾರಿಸಿ ಯಾಮಾರಿಸುವುದು ಆಗಿನ ಯುದ್ಧ ನಿಯಮದಲ್ಲಿ ತಪ್ಪಲ್ಲ. ಗುಂಡು ಹಾರಿಸುವ ಮೊದಲು ನಿಜವಾದ ಬಾವುಟ ಏರಿಸಿದರೆ ಸಾಕಿತ್ತು.

ಹೆಚ್ಚಿನ ಸಲ ಗುಂಡಿನ ಅಗತ್ಯವೇ ಬೀಳುತ್ತಿರಲಿಲ್ಲ. ಎದುರಿನದು ಏಳೆಂಟು ಜನರ ಸರಕು ಹಡಗು. ಹಿಟ್ಟಿನ ಮೂಟೆಗಾಗಿ ಪ್ರಾಣ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಪ್ರೈವೆಟೀರ್‌ಗೂ ಹೊಡೆದಾಟ ಬೇಡ. ಹಡಗು ಹಾಳಾದರೆ ಬೆಲೆ ಇಳಿಯುತ್ತದೆ, ಜನ ಗಾಯಗೊಂಡರೆ ಖರ್ಚು ಏರುತ್ತದೆ. ಸಿನಿಮಾಗಳಲ್ಲಿ ಕಾಣುವ ಕತ್ತಿ ಕಾಳಗ ಈ ವೃತ್ತಿಯಲ್ಲಿ ನಷ್ಟದ ಬಾಬ್ತು.

ಒಂದು ವರ್ಷದೊಳಗೆ ಬಾರ್ಸ್ ಮೂವತ್ತಕ್ಕೂ ಹೆಚ್ಚು ಹಡಗು ಹಿಡಿದ. ಬೋಸ್ಟನ್ ವ್ಯಾಪಾರಿಗಳಿಗೆ ನಿದ್ದೆ ಇಲ್ಲದಂತಾಯಿತು. ಕೇಪ್ ಕಾಡ್‌ನ ಬುಡದಲ್ಲಿ ಕಾಲುವೆ ತೋಡಿ ಆ ತಿರುವನ್ನೇ ತಪ್ಪಿಸೋಣ ಅನ್ನುವ ಹಳೆಯ ಮಾತಿಗೆ ಆಗ ಮತ್ತೆ ಜೀವ ಬಂತು. ಕಾಲುವೆ ಬಂದಿದ್ದು ಮಾತ್ರ ನೂರು ವರ್ಷ ಬಿಟ್ಟು, 1914ರಲ್ಲಿ.

ಹಿಡಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ

ಜನ ಜಾಸ್ತಿ ತಪ್ಪು ತಿಳಿಯುವುದು ಇಲ್ಲಿ. ಹಡಗು ಹಿಡಿದಾಯಿತು, ಸರಕು ಹಂಚಿಕೊಂಡಾಯಿತು ಅಂತ ಇರಲಿಲ್ಲ. ನಮ್ಮಲ್ಲಿ ಅಕ್ರಮ ಮರಳು ಲಾರಿ ಹಿಡಿದರೆ ಏನಾಗುತ್ತದೆ ನೋಡಿ. ಹಿಡಿದ ಪೊಲೀಸರು ಅದನ್ನು ಮನೆಗೆ ಒಯ್ಯುವಂತಿಲ್ಲ. ಪಂಚನಾಮೆ ಬರೆದು ಠಾಣೆ ಮುಂದೆ ನಿಲ್ಲಿಸಬೇಕು. ಲಾರಿ ಯಾರದು, ಬಿಡಬೇಕಾ, ಹರಾಜು ಹಾಕಬೇಕಾ ಅಂತ ಹೇಳುವುದು ಕೋರ್ಟು. ಹ್ಯಾಲಿಫ್ಯಾಕ್ಸ್‌ನಲ್ಲಿ ಹಡಗುಗಳದೂ ಇದೇ ಪಾಡು.

ಅಲ್ಲಿದ್ದದ್ದು ವೈಸ್ ಅಡ್ಮಿರಾಲ್ಟಿ ಕೋರ್ಟು. ಯುದ್ಧದಲ್ಲಿ ಸಿಕ್ಕ ಹಡಗಿಗೆ 'ಪ್ರೈಜ್' ಅಂತ ಹೆಸರು. ಪ್ರೈಜ್ ಬಂದರಿಗೆ ಬಂದ ಕೂಡಲೇ ಅದರ ಕಾಗದ ಪತ್ರಗಳನ್ನೆಲ್ಲ ಕೋರ್ಟಿಗೆ ಒಪ್ಪಿಸಬೇಕು. ಸರಕಿನ ಕೋಣೆಯ ಬಾಗಿಲು ತೆರೆಯುವಂತಿಲ್ಲ. ಸೆರೆಸಿಕ್ಕ ಹಡಗಿನ ನಾಯಕ, ನಾವಿಕರನ್ನು ಕೂರಿಸಿ ಮೊದಲೇ ಸಿದ್ಧವಾಗಿರುವ ಪ್ರಶ್ನೆಗಳ ಪಟ್ಟಿ ಕೇಳುತ್ತಾರೆ. ಹಡಗು ಯಾರದು? ಸರಕು ಯಾರದು? ಎಲ್ಲಿಂದ ಎಲ್ಲಿಗೆ? ಹಿಡಿದಾಗ ಯಾವ ಬಾವುಟ ಇತ್ತು? ಕಾಗದ ಏನಾದರೂ ನೀರಿಗೆ ಎಸೆದಿರಾ?

ಯಾಕೆ ಇಷ್ಟೆಲ್ಲ ಅಂದರೆ, ಅಮೆರಿಕದ ಹಡಗು ಅಂದ ಮಾತ್ರಕ್ಕೆ ಹಿಡಿಯಬಹುದು ಅಂತ ಇರಲಿಲ್ಲ. ಸ್ಪೇನ್, ಪೋರ್ಚುಗಲ್‌ನಲ್ಲಿ ನೆಪೋಲಿಯನ್ ವಿರುದ್ಧ ಕಾದಾಡುತ್ತಿದ್ದ ಬ್ರಿಟಿಷ್ ಸೈನ್ಯಕ್ಕೆ ಬ್ರೆಡ್ಡಿನ ಹಿಟ್ಟು ಬರುತ್ತಿದ್ದುದು ಅಮೆರಿಕದಿಂದ! ಎರಡೂ ದೇಶ ಯುದ್ಧದಲ್ಲಿದ್ದರೂ ಆ ವ್ಯಾಪಾರ ನಿಲ್ಲಬಾರದು. ಹಾಗಾಗಿ ಬ್ರಿಟಿಷ್ ಅಧಿಕಾರಿಗಳೇ ಕೆಲವು ಅಮೆರಿಕನ್ ಹಡಗುಗಳಿಗೆ ಅಭಯಪತ್ರ ಕೊಟ್ಟಿದ್ದರು. ಅಂಥ ಹಡಗನ್ನು ಹಿಡಿದರೆ ಕೋರ್ಟು ಬಿಟ್ಟುಬಿಡುತ್ತದೆ, ತಡೆದ ಖರ್ಚು ಪ್ರೈವೆಟೀರ್ ತಲೆಗೆ. ಅಷ್ಟೇ ಅಲ್ಲ, ಅಮೆರಿಕದ ಹಡಗುಗಳ ಮೇಲೆ ಕೈಮಾಡಬಹುದು ಎಂಬ ಲಂಡನ್ನಿನ ಸಾಮಾನ್ಯ ಆದೇಶ ಹೊರಟಿದ್ದೇ 1812ರ ಅಕ್ಟೋಬರ್ 13ರಂದು, ಯುದ್ಧ ಶುರುವಾಗಿ ನಾಲ್ಕು ತಿಂಗಳಿಗೆ. ಅದು ಹಾಯಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಬರಬೇಕು.

ಅಲ್ಲಿನ ನ್ಯಾಯಾಧೀಶ ಅಲೆಕ್ಸಾಂಡರ್ ಕ್ರೋಕ್. ಅವನ ಒಂದು ತೀರ್ಪನ್ನು ಇವತ್ತಿಗೂ ನೆನೆಯುತ್ತಾರೆ. 1812ರಲ್ಲಿ ಬ್ರಿಟಿಷ್ ನೌಕಾಪಡೆ ಹಿಡಿದ ಮಾರ್ಕ್ವಿಸ್ ಡಿ ಸೊಮೆರುಯೆಲೆಸ್ ಎಂಬ ಹಡಗಿನಲ್ಲಿ ಇಟಲಿಯಿಂದ ಫಿಲಡೆಲ್ಫಿಯಾದ ಕಲಾ ಅಕಾಡೆಮಿಗೆ ಹೊರಟಿದ್ದ 21 ವರ್ಣಚಿತ್ರಗಳೂ 52 ಮುದ್ರಿತ ಚಿತ್ರಗಳೂ ಇದ್ದವು. ಕಲೆ, ವಿಜ್ಞಾನ ಇಡೀ ಮನುಷ್ಯ ಕುಲಕ್ಕೆ ಸೇರಿದ್ದು, ಯುದ್ಧದ ಲೂಟಿಯಲ್ಲಿ ಸೇರುವುದಿಲ್ಲ ಅಂತ ಹೇಳಿ ಕ್ರೋಕ್ 1813ರಲ್ಲಿ ಅವನ್ನು ಅಮೆರಿಕಕ್ಕೆ ವಾಪಸ್ ಕಳಿಸಿದ. ಹಿಟ್ಟಿಗೆ, ರಮ್ಮಿಗೆ ಆ ಭಾಗ್ಯ ಇರಲಿಲ್ಲ.

ಕೋರ್ಟು ಪ್ರೈಜ್ ಅಂತ ಒಪ್ಪಿದರೆ ಹರಾಜು. ಬಂದ ಹಣದಲ್ಲಿ ಮೊದಲು ಕೋರ್ಟು ಫೀಸು, ವಕೀಲರು, ಧಕ್ಕೆ ಬಾಡಿಗೆ, ಕಾವಲುಗಾರರ ಕೂಲಿ. ಉಳಿದದ್ದರಲ್ಲಿ ಸಾಮಾನ್ಯವಾಗಿ ಅರ್ಧ ಮಾಲೀಕರಿಗೆ, ಅರ್ಧ ಹಡಗಿನವರಿಗೆ. ಹಡಗಿನವರ ಅರ್ಧವನ್ನು ಮತ್ತೆ ಪಾಲು ಮಾಡಿ, ನಾಯಕನಿಗೆ ಹಲವು ಪಾಲು, ಹುಡುಗರಿಗೆ ಅರ್ಧ ಪಾಲು, ಹೀಗೆ. ಸಂಬಳ ಇಲ್ಲ. ಏನೂ ಸಿಗದಿದ್ದರೆ ಎರಡು ತಿಂಗಳು ಕಡಲಲ್ಲಿ ನೆನೆದದ್ದೇ ಬಂತು. ಕೆಲವರು ತಮ್ಮ ಪಾಲನ್ನು ಹಡಗು ಹೊರಡುವ ಮೊದಲೇ ಬೇರೆಯವರಿಗೆ ಅಗ್ಗಕ್ಕೆ ಮಾರಿಕೊಂಡು ಕೈಗೆ ಕಾಸು ಮಾಡಿಕೊಳ್ಳುತ್ತಿದ್ದರು.

ಬೇಟೆಗಾರ ಸಿಕ್ಕಿಬಿದ್ದ ದಿನ

1813ರ ಜೂನ್ 11. ಅಮೆರಿಕದ ಪೋರ್ಟ್ಸ್‌ಮತ್ ಬಂದರಿನ ಥಾಮಸ್ ಎಂಬ ಪ್ರೈವೆಟೀರ್ ಲಿವರ್‌ಪೂಲ್ ಪ್ಯಾಕೆಟ್ ಬೆನ್ನು ಹತ್ತಿತು. ಫಿರಂಗಿ, ಜನ ಎರಡೂ ದುಪ್ಪಟ್ಟು. ಬಾರ್ಸ್ ಗಂಟೆಗಟ್ಟಲೆ ಓಡಿದ. ಆ ದಿನ ಓಟವೂ ಕೈಕೊಟ್ಟಿತು. ಬಾವುಟ ಇಳಿಸಿ ಶರಣಾದ.

ಅಮೆರಿಕನ್ನರಿಗೆ ಹಬ್ಬ. ತಿಂಗಳುಗಟ್ಟಲೆ ಕಾಡಿದ ಹಡಗು ಕೈಗೆ ಸಿಕ್ಕಿತ್ತು. ಬಾರ್ಸ್‌ನನ್ನು ಪೋರ್ಟ್ಸ್‌ಮತ್‌ನಲ್ಲಿ ಜೈಲಿಗೆ ಹಾಕಿದರು. ಉಪಚಾರ ಒರಟಾಗಿಯೇ ಇತ್ತು. ಕಾಗದ ಇದ್ದುದರಿಂದ ನೇಣು ತಪ್ಪಿತು. ಕೆಲವು ತಿಂಗಳ ಮೇಲೆ ಅವನನ್ನು 'ಪೆರೋಲ್' ಮೇಲೆ ಬಿಟ್ಟರು.

ಇಂದು ಜೈಲಿನಿಂದ ಕೆಲವು ದಿನ ರಜೆ ಸಿಗುವುದಕ್ಕೆ ನಾವು ಪೆರೋಲ್ ಅನ್ನುತ್ತೇವೆ. ಆಗಿನ ಯುದ್ಧದಲ್ಲಿ ಅದು ಮಾತು ಕೊಟ್ಟು ಹೊರಬರುವ ಪದ್ಧತಿ. ಇನ್ನು ಈ ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲ ಅಂತ ಬರೆದುಕೊಟ್ಟರೆ ಮನೆಗೆ ಹೋಗಬಹುದು. ಮಾತು ಮುರಿದು ಮತ್ತೆ ಸಿಕ್ಕರೆ ನೇಣು.

ಆ ಭಯ ಎಷ್ಟಿತ್ತು ಅನ್ನುವುದು ಅದೇ ತಿಂಗಳು ಗೊತ್ತಾಯಿತು. ಜೂನ್ 27ರಂದು ಯಂಗ್ ಟೀಜರ್ ಎಂಬ ಅಮೆರಿಕನ್ ಪ್ರೈವೆಟೀರ್ ನೋವಾ ಸ್ಕೋಷಿಯಾದ ಮಹೋನ್ ಕೊಲ್ಲಿಯಲ್ಲಿ ಬ್ರಿಟಿಷ್ ಯುದ್ಧನೌಕೆಗಳ ನಡುವೆ ಸಿಕ್ಕಿಕೊಂಡಿತು. ಅದರಲ್ಲಿ ಫ್ರೆಡರಿಕ್ ಜಾನ್ಸನ್ ಎಂಬ ಅಧಿಕಾರಿ ಇದ್ದ. ಹಿಂದೊಮ್ಮೆ ಬ್ರಿಟಿಷರ ಕೈಗೆ ಸಿಕ್ಕು, ಪೆರೋಲ್ ಮೇಲೆ ಬಿಡುಗಡೆಯಾಗಿ, ಮಾತು ಮುರಿದು ಬಂದವನು. ಬ್ರಿಟಿಷರು ದೋಣಿಗಳಲ್ಲಿ ಹತ್ತಿರ ಬರುತ್ತಿದ್ದಾಗ ಹಡಗು ಸ್ಫೋಟಿಸಿತು. ಜಾನ್ಸನ್ನೇ ಮದ್ದಿನ ಕೋಣೆಗೆ ಬೆಂಕಿ ಇಟ್ಟ ಅಂತ ಬದುಕುಳಿದ ಬೆರಳೆಣಿಕೆಯ ಜನರಿಂದ ಸುದ್ದಿ ಹಬ್ಬಿತು. ಹಡಗಿನಲ್ಲಿದ್ದ ಬಹುಪಾಲು ಜನ ಸತ್ತರು. ಆ ಕೊಲ್ಲಿಯಲ್ಲಿ ಈಗಲೂ ರಾತ್ರಿ ಹೊತ್ತು ಉರಿಯುವ ಹಡಗು ಕಾಣುತ್ತದೆ ಅಂತ ಊರವರು ಕಥೆ ಹೇಳುತ್ತಾರೆ.

ಭೂತದ ಹೆಸರು, ಹದಿಮೂರು ಗಂಟೆಯ ಓಟ

ಪೋರ್ಟ್ಸ್‌ಮತ್‌ನಲ್ಲಿ ಲಿವರ್‌ಪೂಲ್ ಪ್ಯಾಕೆಟ್‌ಗೆ ಅಮೆರಿಕದ ಪರವಾನಗಿ ಸಿಕ್ಕಿತು. ಹೊಸ ಹೆಸರು ಯಂಗ್ ಟೀಜರ್ಸ್ ಗೋಸ್ಟ್, ಅಂದರೆ ಸ್ಫೋಟಿಸಿದ ಆ ಹಡಗಿನ ಭೂತ. ಸೇಡಿನ ಹೆಸರು. ಆದರೆ ಭೂತಕ್ಕೆ ಬೇಟೆ ಸಿಗಲಿಲ್ಲ. ಮತ್ತೆ ಹೆಸರು ಬದಲಾಯಿತು: ಪೋರ್ಟ್ಸ್‌ಮತ್ ಪ್ಯಾಕೆಟ್. ಹೆಸರಿನ ಒಂದು ಊರು ಹೋಗಿ ಇನ್ನೊಂದು ಊರು ಬಂತು, ಅಷ್ಟೇ.

1813ರ ಅಕ್ಟೋಬರ್ 5ರಂದು ಅಮೆರಿಕದ ಮೇನ್ ಎಂಬ ಪ್ರದೇಶದ ಕರಾವಳಿಯ ಮೌಂಟ್ ಡೆಸರ್ಟ್ ದ್ವೀಪದ ಬಳಿ ಎಚ್‌ಎಂಎಸ್ ಫ್ಯಾಂಟೋಮ್ ಅದರ ಬೆನ್ನು ಬಿತ್ತು. ಹದಿಮೂರು ಗಂಟೆ ಓಡಿದ ಮೇಲೆ ಪೋರ್ಟ್ಸ್‌ಮತ್ ಪ್ಯಾಕೆಟ್ ಸಿಕ್ಕಿತು. ಮತ್ತೆ ಹ್ಯಾಲಿಫ್ಯಾಕ್ಸ್, ಮತ್ತೆ ಅದೇ ಕೋರ್ಟು.

ಹಳೆಯ ಮಾಲೀಕ ಕಾಲಿನ್ಸ್ ಅದೇ ಊರಲ್ಲಿದ್ದಾನೆ. ಅವನ ಹಡಗು ಅವನಿಗೆ ವಾಪಸ್ ಸಿಗಬೇಕು ತಾನೇ? ನಿಯಮ ಹೀಗಿತ್ತು. ಶತ್ರು ಕಸಿದ ಬ್ರಿಟಿಷ್ ಹಡಗನ್ನು ಬ್ರಿಟಿಷರೇ ಮರಳಿ ಹಿಡಿದರೆ ಅದು ಮೂಲ ಮಾಲೀಕನದೇ. ಬಿಡಿಸಿಕೊಟ್ಟವರಿಗೆ ಅವನು ಶ್ರಮದ ಹಣ ಕೊಡಬೇಕು. ಬಿಡಿಸಿದ್ದು ನೌಕಾಪಡೆಯಾದರೆ ಬೆಲೆಯ ಎಂಟನೇ ಒಂದು ಭಾಗ, ಪ್ರೈವೆಟೀರ್ ಆದರೆ ಆರನೇ ಒಂದು ಭಾಗ. ಆದರೆ ಒಂದು ವಿನಾಯಿತಿ ಇತ್ತು. ಕಸಿದುಕೊಂಡ ಮೇಲೆ ಶತ್ರು ಅದನ್ನು ಯುದ್ಧದ ಹಡಗಾಗಿ ಸಜ್ಜುಮಾಡಿ ಕಳಿಸಿದ್ದರೆ, ಹಳೆಯ ಮಾಲೀಕನ ಹಕ್ಕು ಅಲ್ಲಿಗೆ ಮುಗಿಯಿತು. ಆಗ ಅದು ಶತ್ರುವಿನ ಹಡಗೇ, ಹಿಡಿದವರ ಪ್ರೈಜೇ.

ಕಾರಣ ಯೋಚಿಸಿದರೆ ಅರ್ಥವಾಗುತ್ತದೆ. ಹಿಟ್ಟು ತುಂಬಿದ ಹಡಗನ್ನು ನಾಲ್ಕು ಜನ ಶತ್ರುಗಳ ಕೈಯಿಂದ ಬಿಡಿಸುವುದು ಬೇರೆ. ಫಿರಂಗಿ ತುಂಬಿ ತಿರುಗಿ ಹೊಡೆಯಲು ನಿಂತ ಹಡಗನ್ನು ಹಿಡಿಯುವುದು ಬೇರೆ. ಎರಡನೆಯದಕ್ಕೆ ಪ್ರಾಣ ಒತ್ತೆ ಇಡುವವರಿಗೆ ಎಂಟನೇ ಒಂದು ಭಾಗ ಕೊಟ್ಟರೆ ಯಾರು ಬರುತ್ತಾರೆ?

ಪೋರ್ಟ್ಸ್‌ಮತ್ ಪ್ಯಾಕೆಟ್ ಅಮೆರಿಕದ ಪರವಾನಗಿ ಹೊತ್ತ ಪ್ರೈವೆಟೀರ್ ಆಗಿತ್ತು. ಹಾಗಾಗಿ ಮತ್ತೆ ಹರಾಜು. ಕಾಲಿನ್ಸ್ ಮತ್ತು ಅವನ ಪಾಲುದಾರರು ತಮ್ಮದೇ ಹಡಗಿಗೆ ಎರಡನೇ ಸಲ ದುಡ್ಡು ಕೊಟ್ಟು ಕೊಂಡರು. ಹಳೆಯ ಹೆಸರು ವಾಪಸ್ ಬಂತು. ಬಾರ್ಸ್ ಮಾತು ಕೊಟ್ಟು ಬಂದಿದ್ದರಿಂದ ಅವನ ಜಾಗಕ್ಕೆ ಕೇಲಬ್ ಸೀಲಿ ಎಂಬ ಯುವಕ ನಾಯಕನಾದ. ಒಂದು ವರ್ಷದೊಳಗೆ ಇನ್ನೂ 14 ಹಡಗು ಹಿಡಿದ. ಮುಂದೆ ಕಾಲಿನ್ಸ್‌ನ ತಂಗಿಯನ್ನೇ ಮದುವೆಯಾದ.

ಹಿಡಿದವರೂ ಒಂದು ಕಾಲಕ್ಕೆ ಸಿಕ್ಕವರೇ

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು ಸುತ್ತಲಿನ ಹಡಗುಗಳ ಜಾತಕ. ಲಿವರ್‌ಪೂಲ್ ಪ್ಯಾಕೆಟ್ ಒಂದೇ ಹೀಗೆ ಕೈ ಬದಲಾಯಿಸಿದ್ದಲ್ಲ.

ಅದನ್ನು ಮರಳಿ ಹಿಡಿದ ಎಚ್‌ಎಂಎಸ್ ಫ್ಯಾಂಟೋಮ್ ಮೂಲದಲ್ಲಿ ಒಂದು ಫ್ರೆಂಚ್ ಪ್ರೈವೆಟೀರ್. 1810ರಲ್ಲಿ ಬ್ರಿಟಿಷರು ಹಿಡಿದು ತಮ್ಮ ನೌಕಾಪಡೆಗೆ ಸೇರಿಸಿಕೊಂಡಿದ್ದರು. ಬಾರ್ಸ್‌ನನ್ನು ಹಿಡಿದ ಥಾಮಸ್ ಕೂಡ ಹೆಚ್ಚು ದಿನ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಎಚ್‌ಎಂಎಸ್ ನಿಂಫ್ ಅದನ್ನು ಹಿಡಿಯಿತು. ನೋವಾ ಸ್ಕೋಷಿಯಾದವರು ಕೊಂಡು ವುಲ್ವರೀನ್ ಅಂತ ಹೆಸರಿಟ್ಟರು. 1814ರಲ್ಲಿ ಆ ವುಲ್ವರೀನ್‌ನ ನಾಯಕನಾಗಿ, ಬೇಟೆಗಲ್ಲ ವ್ಯಾಪಾರಕ್ಕೆಂದು, ವೆಸ್ಟ್ ಇಂಡೀಸ್ ಕಡೆಗೆ ಹೊರಟವನು ಬೇರೆ ಯಾರೂ ಅಲ್ಲ, ಜೋಸೆಫ್ ಬಾರ್ಸ್. ತನ್ನನ್ನು ಸೆರೆಹಿಡಿದ ಹಡಗಿನ ಚುಕ್ಕಾಣಿಯ ಬಳಿ ನಿಂತು!

ಇದಕ್ಕೆ ಕಾರಣ ದುಡ್ಡು ಮತ್ತು ಸಮಯ. ಹೊಸ ಹಡಗು ಕಟ್ಟಲು ತಿಂಗಳುಗಳು ಬೇಕು, ಒಳ್ಳೆಯ ಮರ ಬೇಕು, ಬಡಗಿಗಳು ಬೇಕು. ಹರಾಜಿನಲ್ಲಿ ಸಿಗುವ ಹಡಗಿಗೆ ಹಾಯಿ, ಹಗ್ಗ, ಲಂಗರು ಎಲ್ಲ ಇರುತ್ತದೆ. ಅದರ ಓಟ ಎಷ್ಟು ಅಂತ ಬೆನ್ನಟ್ಟಿದವರಿಗೇ ಗೊತ್ತಿರುತ್ತದೆ.

ಯುದ್ಧ ಮುಗಿದ ಮೇಲೆ

1814ರ ಡಿಸೆಂಬರ್ 24ರಂದು ಈಗಿನ ಬೆಲ್ಜಿಯಂನ ಗೆಂಟ್ ನಗರದಲ್ಲಿ ಶಾಂತಿ ಒಪ್ಪಂದವಾಯಿತು. ಆದರೆ ಕಡಲ ಮಧ್ಯೆ ಇರುವ ಹಡಗಿಗೆ ಯುದ್ಧ ಮುಗಿದದ್ದು ತಿಳಿಯುವುದು ಹೇಗೆ? ಒಪ್ಪಂದದಲ್ಲೇ ಇದಕ್ಕೆ ಗಡುವು ಬರೆದರು. ಎರಡೂ ಕಡೆ ಅನುಮೋದನೆ ಆದ ಮೇಲೆ ಉತ್ತರ ಅಮೆರಿಕದ ಕರಾವಳಿಯಲ್ಲಿ 12 ದಿನ, ತೀರಾ ದೂರದ ಕಡಲುಗಳಲ್ಲಿ 120 ದಿನ. ಆ ಗಡುವು ದಾಟಿ ಹಿಡಿದದ್ದನ್ನು ಹಿಂದಿರುಗಿಸಬೇಕು. 1815ರ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟ್ ಒಪ್ಪಿತು. ಪರವಾನಗಿಗಳಿಗೆಲ್ಲ ಬೆಲೆ ಇಲ್ಲದಂತಾಯಿತು.

ಫಿರಂಗಿ, ಜನ ಜಾಸ್ತಿ, ಸರಕಿಗೆ ಜಾಗ ಕಡಿಮೆ. ಇಂಥ ಹಡಗು ಶಾಂತಿಯ ಕಾಲದಲ್ಲಿ ಯಾರಿಗೂ ಬೇಡ. ಲಿವರ್‌ಪೂಲ್ ಪ್ಯಾಕೆಟ್‌ನ ಕೊನೆಯ ಮಾರಾಟ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಆಯಿತು.

ಬಾರ್ಸ್ 1817ರಲ್ಲಿ ಕಡಲು ಬಿಟ್ಟು ನೋವಾ ಸ್ಕೋಷಿಯಾದ ಕೆಂಟ್‌ವಿಲ್ ಬಳಿ ಬೇಸಾಯಕ್ಕೆ ಕೂತ. 1824ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ. ಕಾಲಿನ್ಸ್ ಆಯಸ್ಸು ಗಟ್ಟಿ. 1825ರಲ್ಲಿ ಪಾಲುದಾರರ ಜೊತೆ ಹ್ಯಾಲಿಫ್ಯಾಕ್ಸ್ ಬ್ಯಾಂಕಿಂಗ್ ಕಂಪನಿ ತೆರೆದ. 1871ರಲ್ಲಿ 97ನೇ ವಯಸ್ಸಿಗೆ ಸಾಯುವಾಗ ಬ್ರಿಟಿಷ್ ಉತ್ತರ ಅಮೆರಿಕದ ಅತಿ ಶ್ರೀಮಂತ ಅಂತ ಹೆಸರಾಗಿದ್ದ. ಆ ಬ್ಯಾಂಕು 1903ರಲ್ಲಿ ಕೆನಡಿಯನ್ ಬ್ಯಾಂಕ್ ಆಫ್ ಕಾಮರ್ಸ್‌ಗೆ ಸೇರಿಹೋಯಿತು. ಅದೇ ಈಗಿನ ಸಿಐಬಿಸಿ, ಟೊರೊಂಟೊಗೆ ಹೋಗಿ ನೆಲೆಸಿದ ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಬ್ಯಾಂಕು.